ಬಾತುಮರಿಗಳಿಗೆ ಹಾಕಿದ ಹಿಂಡಿ

ನಮ್ಮ ಚಳ್ಳಕೆರೆ ಕಡೆಯವರಿಗೆ ಶೇಂಗಾ ಹಿಂಡಿಯ ಮೇಲೆ ಇರುವ ನಂಬಿಕೆ ಡಾಕ್ಟರ ಮೇಲೂ ಇಲ್ಲ. ಹಸು ಕರು ಹಾಕಿದರೆ ಹಿಂಡಿ, ಎತ್ತು ಸೊರಗಿದರೆ ಹಿಂಡಿ, ಕುರಿ ಮೇಯದಿದ್ದರೂ ಹಿಂಡಿ. ಕೇಂದ್ರ ಸರ್ಕಾರದ ಕೆಲಸ ಹಿಡಿದು ಕೊಚ್ಚಿಗೆ ಬಂದು ವರ್ಷಗಳಾಗಿದ್ದರೂ ಈ ನಂಬಿಕೆಯನ್ನು ನಾನು ಬಿಟ್ಟಿರಲಿಲ್ಲ.

ಆಗ ನನ್ನ ಕಚೇರಿ ವಿಲ್ಲಿಂಗ್ಡನ್ ಐಲ್ಯಾಂಡ್‌ನಲ್ಲಿ. ಸೇತುವೆಯ ಈಚೆ ತೋಪ್ಪುಂಪಡಿಯಲ್ಲಿ ಸಣ್ಣ ಹಿತ್ತಲಿದ್ದ ಬಾಡಿಗೆ ಮನೆ. ಮಗಳಿಗೆ ಒಂಬತ್ತು ವರ್ಷ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬುಟ್ಟಿಯಲ್ಲಿ ಬಾತುಮರಿ ಮಾರುವವನು ಬೀದಿಗೆ ಬಂದ. ಅವಳು ಗೇಟು ಹಿಡಿದು ನಿಂತವಳು ಅಲ್ಲಾಡಲಿಲ್ಲ, ಆರು ಮರಿ ಕೊಂಡೆವು. ಪಕ್ಕದ ಮನೆಯ ಹೆಂಗಸು, ನಾವೆಲ್ಲ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದವರು, ಬಂದು ನೋಡಿದರು. ಅನ್ನಕ್ಕೆ ತೌಡು ಕಲಸಿ ಹಾಕಿ, ಪುಕ್ಕ ಬಲಿಯುವವರೆಗೆ ನೀರಿಗೆ ಬಿಡಬೇಡಿ ಎಂದರು. ನೀರಿನ ಮಾತನ್ನು ಒಪ್ಪಿಕೊಂಡೆ. ತೌಡಿನ ಮಾತಿಗೆ ಒಳಗೊಳಗೇ ನಕ್ಕೆ. ಬರೀ ತೌಡು ತಿಂದು ಯಾವ ಜೀವ ಗಟ್ಟಿಯಾದೀತು?

ಗುಲಾಬಿ ಗಿಡಗಳಿಗೆ ಗೊಬ್ಬರವಾಗಲೆಂದು ಊರಿನ ಗಾಣದಿಂದ ಒಂದು ಚೀಲ ಹಿಂಡಿ ತಂದು ಅಡುಗೆಮನೆಯ ಕಟ್ಟೆಯ ಕೆಳಗೆ ಇಟ್ಟಿದ್ದೆ. ಜೂನ್ ಬಂತು. ಕೊಚ್ಚಿಯ ಮಳೆಗೆ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ, ಹಿಂಡಿಯನ್ನು ಬಿಟ್ಟೀತೇ? ಚೀಲ ಬಿಚ್ಚಿದರೆ ಮುಗ್ಗಲು ವಾಸನೆ. ಎಸೆದುಬಿಡಿ ಎಂದಳು ಹೆಂಡತಿ. ಹಿಂಡಿ ಎಸೆದವರನ್ನು ನಾನು ನಮ್ಮೂರಲ್ಲಿ ಕಂಡಿಲ್ಲ. ಮೇಲಿನ ಹಸಿರು ಪುಡಿಯನ್ನು ಚಾಕುವಿನಲ್ಲಿ ಹೆರೆದು, ನೆನೆಹಾಕಿ, ಕಿವುಚಿ ಮರಿಗಳ ಮುಂದಿಟ್ಟೆ. ಮುಗಿಬಿದ್ದು ತಿಂದವು. ಇದು ತಿಂದರೆ ಎಂಥ ಜೀವವೂ ಗಟ್ಟಿಯಾಗುತ್ತದೆ ಎಂದು ಮಗಳಿಗೆ ಹೆಮ್ಮೆಯಿಂದ ಹೇಳಿದೆ.

ಒಂದು ವಾರದೊಳಗೆ ಮರಿಗಳು ಮಂಕಾದವು. ಮೊದಲು ಒಂದು ಕುಂಟಿತು, ಆಮೇಲೆ ಇನ್ನೆರಡು. ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದವು. ಒಂದು ಸಂಜೆ ನಾನು ಕಚೇರಿಯಿಂದ ಬಂದಾಗ ಮಗಳು ಬಟ್ಟೆ ನೆನೆಸುವ ಟಬ್ಬಿಗೆ ನೀರು ತುಂಬಿ ಮರಿಗಳನ್ನು ಬಿಟ್ಟಿದ್ದಳು. ಈಜಿದರೆ ಕಾಲು ಸರಿಹೋಗುತ್ತದೆ ಎಂದು ಅವಳ ಲೆಕ್ಕಾಚಾರ. ಮರುದಿನ ಬೆಳಿಗ್ಗೆ ಎರಡು ಮರಿ ಕತ್ತು ಹಿಂದಕ್ಕೆ ಸೆಟೆದುಕೊಂಡು ಸತ್ತಿದ್ದವು.

ನನಗೆ ಸಿಟ್ಟು ಬಂದರೆ ಎದುರಿಗೆ ಇರುವುದು ಮಗುವೋ ದೊಡ್ಡವರೋ ಕಾಣುವುದಿಲ್ಲ.

"ನೀರಿಗೆ ಬಿಡಬೇಡ ಅಂತ ಹೇಳಿರಲಿಲ್ವಾ? ನೀನೇ ಸಾಯಿಸಿದ್ದು," ಎಂದೆ.

ನನ್ನ ಕನ್ನಡಕ್ಕೆ ಯಾವಾಗಲೂ ಮಲಯಾಳದಲ್ಲಿ ಎದುರುತ್ತರ ಕೊಡುತ್ತಿದ್ದ ಹುಡುಗಿ ಅಂದು ಸ್ಕೂಲಿನ ಯೂನಿಫಾರ್ಮಿನಲ್ಲೇ ಹಿತ್ತಲಲ್ಲಿ ಕೂತು ಅತ್ತಳು. ಅದರ ಮಾರನೆಯ ದಿನ ಇನ್ನೂ ಮೂರು ಹೋದವು.

ಉಳಿದ ಒಂದನ್ನಾದರೂ ಉಳಿಸಿಕೊಳ್ಳೋಣ ಎಂದು, ಸತ್ತ ಮರಿಯೊಂದನ್ನು ಪೇಪರಿನಲ್ಲಿ ಸುತ್ತಿ ಪಶುವೈದ್ಯೆಯ ಹತ್ತಿರ ಒಯ್ದೆ. ಆಕೆ ಕೊಯ್ದು, ಹಳದಿಗಟ್ಟಿದ್ದ ಲಿವರ್ ತೋರಿಸಿ, ಏನು ತಿನ್ನಿಸುತ್ತಿದ್ದಿರಿ ಎಂದು ಕೇಳಿದರು. ಹೇಳಿದೆ. ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ವಿಷ ಸೇರಿಕೊಳ್ಳುತ್ತದೆ, ಹೆರೆದರೂ ನೆನೆಸಿದರೂ ಹೋಗುವುದಿಲ್ಲ, ದನವಾದರೆ ಒಂದಿಷ್ಟು ತಡೆದುಕೊಂಡೀತು, ಬಾತುಮರಿಗೆ ಚೂರು ಸಾಕು ಎಂದರು. ನಾನು ಅಷ್ಟಕ್ಕೂ ಸುಮ್ಮನಾಗದೆ, ಮಗು ನೀರಿಗೆ ಬಿಟ್ಟಿತ್ತು ಎಂದೆ. ತಣ್ಣೀರಿಗೆ ಲಿವರ್ ಹೀಗಾಗುವುದಿಲ್ಲ ಎಂದು ಆಕೆ ಕೈ ತೊಳೆಯಲು ಹೋದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವನು ನಾನು. ಮನೆಗೆ ಬಂದವನೇ ಹಿಂಡಿಯ ಚೀಲವನ್ನು ಎತ್ತಿದೆ. ಆಗಲೂ ಎಸೆಯಲು ಮನಸ್ಸು ಬರಲಿಲ್ಲ, ಹಿತ್ತಲ ತೆಂಗಿನ ಬುಡಕ್ಕೆ ಸುರಿದೆ. ಮಗಳಿಗೆ ಹೇಳಬೇಕೆಂದೇ ಇದ್ದೆ. ಅವಳು ಅಳು ನಿಲ್ಲಿಸಿ, ಉಳಿದ ಒಂದೇ ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಈಗ ಯಾಕೆ ಕೆದಕುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನೆಪ. ಒಂಬತ್ತು ವರ್ಷದ ಮಗುವಿನ ಮುಂದೆ ತಪ್ಪಾಯಿತು ಎನ್ನಲು ನನಗೆ ನಾಚಿಕೆಯಾಗಿತ್ತು. ಆ ಮರಿಗೆ ಅನ್ನ, ತೌಡು ಹಾಕಿದೆವು. ಎರಡು ದಿನ ಚೇತರಿಸಿಕೊಂಡಂತೆ ಓಡಾಡಿತು, ಆಮೇಲೆ ಅದೂ ಹೋಯಿತು. ವಿಷ ಮೊದಲೇ ಏರಿರಬೇಕು ಎಂದುಕೊಂಡೆ.

ಈಗ ನಾವು ತಿರುವನಂತಪುರದಲ್ಲಿ, ತುಂಬಾ ಎಂಬ ಕಡಲತೀರದ ಊರಿನ ಹತ್ತಿರ ಇದ್ದೇವೆ. ಮಗಳು ಡಿಗ್ರಿ ಓದುತ್ತಿದ್ದಾಳೆ. ಹೋದ ತಿಂಗಳು ಪಕ್ಕದ ಮನೆಯ ಮೀನುಗಾರರ ಹೆಂಗಸು ಮದುವೆಗೆ ಹೊರಟವಳು, ತನ್ನ ಬಾತುಮರಿಗಳನ್ನು ಎರಡು ದಿನ ನೋಡಿಕೊಳ್ಳುತ್ತೀಯಾ ಎಂದು ಮಗಳನ್ನು ಕೇಳಿದಳು. ನನ್ನ ಕೈಯಲ್ಲಿ ಉಳಿಯುವುದಿಲ್ಲ, ಅಮ್ಮನಿಗೆ ಕೊಡಿ ಎಂದು ಮಲಯಾಳದಲ್ಲಿ ಹೇಳಿ ಇವಳು ಒಳಗೆ ಬಂದುಬಿಟ್ಟಳು. ತಮಾಷೆಗೆ ಹೇಳಿದ್ದಲ್ಲ. ನಾನು ಸಿಟ್ಟಿನಲ್ಲಿ ಆಡಿ ಮರೆತ ಮಾತನ್ನು ಈ ಹುಡುಗಿ ಹತ್ತು ವರ್ಷ ನಂಬಿಕೊಂಡು ಬಂದಿದ್ದಾಳೆ ಎಂದು ನನಗೆ ಗೊತ್ತಾದದ್ದು ಆಗಲೇ.

ಅವತ್ತೇ ಸಂಜೆ ಎದುರಿಗೆ ಕೂರಿಸಿಕೊಂಡು ಹಿಂಡಿ, ಬೂಷ್ಟು, ಡಾಕ್ಟರು ಹೇಳಿದ್ದು ಎಲ್ಲವನ್ನೂ ಹೇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ನಿನ್ನ ತಪ್ಪು ಏನೂ ಇರಲಿಲ್ಲ ಮಗಳೇ ಎಂದೆ. ಅವಳ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ.

"ನಿನಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು, ಕನ್ನಡದಲ್ಲೇ.

"ಒಂದು ಮರಿ ಉಳಿದಿತ್ತಲ್ಲ, ಆಗ."

"ನಾನು ದಿನಾ ತೆಂಗಿನ ಬುಡದಿಂದ ಹಿಂಡಿ ತಗೊಂಡು ಬಂದು ಅದಕ್ಕೆ ತಿನ್ನಿಸ್ತಿದ್ದೆ ಅಪ್ಪ. ಯಾರಿಗೂ ಹೇಳ್ದೆ. ಅದೊಂದಾದ್ರೂ ಗಟ್ಟಿಯಾಗ್ಲಿ ಅಂತ."

ಹೇಳಿ, ಎದ್ದು ಒಳಗೆ ಹೋದಳು. ತನ್ನ ಕೈಯಿಂದ ಮರಿಗಳು ಸತ್ತವು ಎಂದು ಅವಳು ಇಷ್ಟು ವರ್ಷ ನಂಬಿದ್ದು ಸುಳ್ಳು. ಆಗಲೇ ಹೇಳದೆ, ಒಂದು ಮರಿಯ ಮಟ್ಟಿಗೆ ಅದನ್ನು ನಿಜ ಮಾಡಿದವನು ನಾನು.