ಫೋಟೋದ ಕೊನೆಯಲ್ಲಿ ನಿಂತವರು

ಕೋಚ್ ಅವರ ಬಲಮಂಡಿಯ ಮೇಲೆ ಎರಡು ಉದ್ದನೆಯ ಹೊಲಿಗೆಯ ಗುರುತುಗಳಿದ್ದವು. ಏಳುವಾಗ ಮಂಡಿಯನ್ನು ಅಂಗೈಯಿಂದ ಒತ್ತಿ ಹಿಡಿದು, ನೋವು ಇಳಿಯುವವರೆಗೆ ಕಾದು, ಆಮೇಲೆ ನಗುತ್ತ ನಿಲ್ಲುತ್ತಿದ್ದರು. ನಾನು ಡಾಕ್ಟರಾದ್ದರಿಂದ ಮೊದಲು ಕಣ್ಣಿಗೆ ಬಿದ್ದದ್ದು ಅದೇ.

ನಾವಿರುವ ಲಿಟಲ್ ಎಲ್ಮ್ ಊರಿನಲ್ಲಿ ನನ್ನ ಮಗಳಿಗೆ ಫುಟ್‌ಬಾಲ್ ಕಲಿಸುತ್ತಿದ್ದವರು ಅವರು. ಪೆರು ದೇಶದವರು, ಹರೆಯದಲ್ಲಿ ಲೀಮಾದ ದೊಡ್ಡ ಕ್ಲಬ್ಬಿಗೆ ಆಡಿದವರು. ಇದನ್ನು ಅವರ ಹೆಂಡತಿಯೇ ಹೇಳಬೇಕಾಯಿತು. ಶನಿವಾರ ಎಲ್ಲರಿಗಿಂತ ಮೊದಲು ಬಂದು, ಮೈದಾನವನ್ನು ಒಂದು ಸುತ್ತು ನಡೆದು, ಮಕ್ಕಳ ಕಾಲಿಗೆ ಸಿಕ್ಕಬಹುದಾದ ಕಲ್ಲುಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಗಳನ್ನು ಹಿಂದಿನ ಸಾಲಿನಲ್ಲಿ, ಡಿಫೆನ್ಸ್‌ನಲ್ಲಿ ನಿಲ್ಲಿಸಿದ್ದರು. "ಅಲ್ಲಿ ನಿಂತ್ರೆ ನೋಬಡಿ ಸೀಸ್ ಮಿ, ಅಮ್ಮಾ," ಎಂದು ಅವಳು ಪ್ರತಿವಾರ ಕಾರಿನಲ್ಲಿ ಅಳುತ್ತಿದ್ದಳು.

ಒಂದು ಭಾನುವಾರ ಅವರು ನಮ್ಮನ್ನು ಹತ್ತಿರದ ಫಾರ್ಮರ್ಸ್ ಬ್ರಾಂಚ್ ಊರಿನ ಪೆರುವಿಯನ್ ಹೋಟೆಲ್ಲಿಗೆ ಕರೆದೊಯ್ದರು. ನಾವು ಮಾಂಸ ತಿನ್ನುವುದಿಲ್ಲವೆಂದು ಅಡುಗೆಮನೆಗೇ ಹೋಗಿ ಹೇಳಿಬಂದರು. ಗೋಡೆಯ ಮೇಲೆ ಹಳೆಯ ತಂಡವೊಂದರ ಫೋಟೋ ಇತ್ತು. ಬಡಿಸಲು ಬಂದವನು ಅದರ ಮೇಲೆ ಬೆರಳಿಟ್ಟು ತೋರಿಸಿದ. "ನಡುವೆ ಇರೋರು ಯುರೋಪಿಗೆ ಆಡೋಕೆ ಹೋದರು. ನಮ್ಮಣ್ಣನಿಗೆ ಅವರದೇ ಹೆಸರು. ಇವರು ಗೋಲ್‌ಕೀಪರ್, ಇವರು ಕ್ಯಾಪ್ಟನ್..." ಕೊನೆಯವರ ಹತ್ತಿರ ಬೆರಳು ನಿಂತಿತು. "ಇವರು ಯಾರೋ ಗೊತ್ತಿಲ್ಲ."

"ಲೆಫ್ಟ್ ಬ್ಯಾಕ್. ಡಿಫೆನ್ಸ್‌ನಲ್ಲಿ ಎಡಗಡೆ," ಎಂದರು ಕೋಚ್, ನೀರು ಕುಡಿಯುತ್ತ.

ಮಗಳು ಫೋಟೋ ನೋಡಿದಳು, ಅವರನ್ನು ನೋಡಿದಳು. "ಇಟ್ಸ್ ಹಿಮ್," ಎಂದಳು. ಬಡಿಸುವವನು ನಾಚಿ ಕ್ಷಮೆ ಕೇಳಿದ. ಕೋಚ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರು, ತಾಯಿಯ ಆರೋಗ್ಯ ವಿಚಾರಿಸಿದರು.

ಹೊರಗೆ ಬಂದಾಗ ಕೇಳಿದೆ: "ಬೇಜಾರಾಗಲ್ವಾ ಕೋಚ್?"

"ಆಗ್ತಿತ್ತು ಡಾಕ್ಟರ್. ಸ್ಟೇಡಿಯಮ್ಮೆಲ್ಲ ನಡುವೆ ನಿಂತವನ ಹೆಸರು ಕೂಗೋದು. ನಮ್ಮಮ್ಮನೂ ಅವನ ಹೆಸರೇ ಕೂಗ್ತಿದ್ದಳು. ಆ ಹೊಟ್ಟೆಕಿಚ್ಚಿಗೆ ಅವನ ಜೊತೆ ಮಾತೇ ಬಿಟ್ಟೆ. ಅದು ತಪ್ಪಾಯ್ತು."

ಅಂದಿನಿಂದ ಮಗಳು ಕಾರಿನಲ್ಲಿ ಅಳಲಿಲ್ಲ.

ಕಳೆದ ಚಳಿಗಾಲದಲ್ಲಿ ಕೋಚ್ ಹ್ಯೂಸ್ಟನ್‌ನಲ್ಲಿರುವ ತಮ್ಮ ಮಗಳ ಮನೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ನಾನೂ ನನ್ನ ಮಗಳೂ ಹೋದೆವು. ಫೋಟೋದ ನಡುವೆ ನಿಂತಿದ್ದ, ಯುರೋಪಿಗೆ ಹೋಗಿದ್ದ ಆ ಪ್ರಸಿದ್ಧ ಆಟಗಾರರೂ ಬಂದಿದ್ದರು, ಈಗ ತಲೆಯೆಲ್ಲ ಬೆಳ್ಳಗೆ. ಚರ್ಚಿನ ಹೊರಗೆ ಜನ ಫೋಟೋಗೆ ಮುತ್ತಿದಾಗ ಇವತ್ತು ಬೇಡವೆಂದು ಕೈಯಾಡಿಸಿದರು. ನಮ್ಮ ಹತ್ತಿರ ಬಂದು ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದರು. ಕೋಚ್ ಮಗಳು ತಿಳಿಸಿದಳು: "ಕ್ಯಾಪ್ಟನ್ ಆರಿಸೋಕೆ ಚೀಟಿ ಹಾಕಿದಾಗ ಹುಡುಗರೆಲ್ಲ ಅಪ್ಪನ ಹೆಸರೇ ಬರೆದಿದ್ರಂತೆ. ಅಪ್ಪ ಒಪ್ಪಲಿಲ್ಲ. ಇವರೂ ಅಪ್ಪನ ಹೆಸರೇ ಬರೆದಿದ್ರಂತೆ. ಆಗ ಇಬ್ಬರಿಗೂ ಮಾತಿರಲಿಲ್ಲ, ಆಮೇಲೂ ಅಪ್ಪನಿಗೆ ಅದನ್ನ ಹೇಳಲಿಲ್ವಂತೆ."

ಮೈಸೂರಿನಲ್ಲಿ ನನ್ನ ಜೊತೆ ಓದಿದವಳು ಈಗ ಆಸ್ಟಿನ್‌ನಲ್ಲಿ ಹೆಸರಾಂತ ಸರ್ಜನ್. ನನಗಿಂತ ಮೇಲೆ ಹೋದಳೆಂಬ ಒಂದೇ ಕಾರಣಕ್ಕೆ ಅವಳ ಫೋನ್ ಎತ್ತುವುದನ್ನು ಬಿಟ್ಟಿದ್ದೆ. ಮರಳುವಾಗ ನೇರ ಮನೆಗೆ ಹೋಗದೆ ಆಸ್ಟಿನ್ ಕಡೆಗೆ ಕಾರು ತಿರುಗಿಸಿದೆ. ಅವಳೇ ಬಾಗಿಲು ತೆರೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಊಟ ಆಗಿದೆಯೇನೇ?" ಎಂದಳು.