ಬಾಲ ಮೊದಲು ಬಂದ ಮರಿ

ನಾನು ಶಾಲೆ ಬಿಟ್ಟದ್ದು ೧೯೮೮ರಲ್ಲಿ, ಏಳನೆಯ ತರಗತಿಗೆ. ಯಾರೂ ಬಿಡಿಸಲಿಲ್ಲ. ಸಿಮೆಂಟಿನಲ್ಲಿ ನಂದಿ, ನವಿಲು ಮಾಡುವ ಕೈ ನನಗಿತ್ತು, ಅದೇ ಸಾಕೆನಿಸಿತು.

ಮುಂದೆ ಹೈದರಾಬಾದಿನಲ್ಲಿ ಗಾಜಿನ ಕಚೇರಿಗಳು ಏಳತೊಡಗಿದಾಗ, ಅಂಥ ಒಂದು ಕಂಪನಿಯ ತೋಟಕ್ಕೆ ಇಕ್ತಿಯೋಸಾರ್ ಮಾಡುವ ಕೆಲಸ ಬಂತು. ಕೋಟ್ಯಂತರ ವರ್ಷಗಳ ಹಿಂದೆ ಕಡಲಲ್ಲಿದ್ದ ಪ್ರಾಣಿ. ನೋಡಲು ಮೀನು, ಜಾತಿಯಲ್ಲಿ ಹಲ್ಲಿ, ಮೊಸಳೆಗಳ ಕಡೆಯದು. ಈಗ ಕಲ್ಲಾದ ಎಲುಬುಗಳಷ್ಟೇ ಸಿಗುತ್ತವಂತೆ. ಕೊಟ್ಟ ಚಿತ್ರದಲ್ಲಿ ಅದು ಮರಿ ಹಾಕುತ್ತಿತ್ತು.

ಕೆಲಸ ನೋಡಲು ಅದೇ ಊರಿನ ತಾರ್ನಾಕದಿಂದ ಒಬ್ಬ ನಿವೃತ್ತ ಪ್ರೊಫೆಸರು ಬರುತ್ತಿದ್ದರು, ಧಾರವಾಡದ ಕಡೆಯವರು. ನಾನು ಕನ್ನಡ ಆಡುತ್ತಿದ್ದುದು ಅವರೊಬ್ಬರ ಜೊತೆ. ಉಳಿದಂತೆ ಮಲ್ಕಾಜ್‌ಗಿರಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬೇಯಿಸಿ ಒಬ್ಬನೇ ಉಣ್ಣುವುದು. ಹೆಂಡತಿ ಚೊಚ್ಚಲ ಹೆರಿಗೆಗೆ ಬೀದರ್ ಕಡೆಯ ತವರಿಗೆ ಹೋಗಿದ್ದಳು. ಹೆರಿಗೆ ಹೊತ್ತಿಗೆ ನಾನು ಅಲ್ಲಿದ್ದರೆ ಮಾತ್ರ ಕೂಸನ್ನು ಕರೆದುಕೊಂಡು ಈ ಊರಿಗೆ ಬರುತ್ತೇನೆ ಎಂದಿದ್ದಳು.

ಮರಿ ಮುಗಿಸಿದ ದಿನ ಪ್ರೊಫೆಸರು ಸುತ್ತು ಹಾಕಿ ನಿಂತರು.

"ಏನ್ರಿ ಮಿಸ್ತ್ರಿ, ತಲೆ ಯಾಕ್ ಹೊರಗ ಬಂತು? ಚಿತ್ರದಾಗ ಬಾಲ ಐತಲ್ಲ."

"ಚಿತ್ರ ಬರದವ್ರು ತಪ್ಪ್ಯಾರ್ರಿ. ನಮ್ಮ ಎಮ್ಮಿ ಈದಾಗ ನಾನ ಕರ ಎಳದೀನಿ. ಮೊದಲ ಬರೋದು ತಲೀನ."

"ನಿಮ್ಮ ಎಮ್ಮಿ ಕೊಟ್ಟಿಗ್ಯಾಗ ಈಯ್ತದ. ಇದು ನೀರಾಗ ಈಯೋದು, ಉಸಿರಿಗೆ ಮ್ಯಾಲ ಬರಬೇಕು. ತಲೆ ಮೊದಲ ಬಂದ್ರ ಮರಿ ಮುಳುಗಿ ಸಾಯ್ತದ ಅಂತಾರ."

ಉದ್ಘಾಟನೆಗೆ ಎರಡೇ ದಿನವಿತ್ತು. ಅದೇ ಸಂಜೆ ಭಾವಮೈದುನನ ಫೋನು ಬಂತು, ಹೆಂಡತಿಗೆ ನೋವು ಶುರುವಾಗಿದೆ ಎಂದು.

"ನೀವು ಹೋಗ್ರಿ," ಎಂದರು ಪ್ರೊಫೆಸರು. "ಬಾಲ ಬ್ಯಾರೆಯವ್ರು ಮಾಡ್ತಾರ."

"ನಾ ಮಾಡಿದ್ದಕ್ಕ ಇನ್ನೊಬ್ರ ಕೈ ಬ್ಯಾಡ್ರಿ."

ತಲೆ ಒಡೆದು, ತಂತಿ ತಿರುವಿ, ಬಾಲ ಕೂರಿಸಿದೆ. ಚಿತ್ರದಲ್ಲಿದ್ದ ಹಾಗೇ ಬಂತು. ಉದ್ಘಾಟನೆಯ ದಿನ ಒಳಗೆ ಬಿಡಲು ಕಾವಲುಗಾರ ಗುರುತಿನ ಚೀಟಿ ಕೇಳಿದ, ನನ್ನಲ್ಲಿ ಅದಿರಲಿಲ್ಲ. ನಾನು ಬೀದರ್ ಬಸ್ ಹಿಡಿದೆ.

ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಗ್ಗುಲಲ್ಲಿ ಹೆಣ್ಣು ಕೂಸು.

"ನಿಮ್ಮ ಮೀನಿನ ಬಾಣಂತನ ಮುಗೀತೇನ್ರಿ?"

"ಅದು ಮೀನಲ್ಲ," ಅಂದೆ.

ಅವಳು ತಿರುಗಲಿಲ್ಲ. ಐದು ತಿಂಗಳಾದ ಮೇಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಹಬ್ಬಕ್ಕೆ ನಾನೇ ಹೋಗಿ ಬರುತ್ತೇನೆ.

ಈಗ ನನಗಿರುವುದು ಮಲ್ಕಾಜ್‌ಗಿರಿಯಲ್ಲಿ ಸ್ವಂತದ ಎರಡು ಕೋಣೆ, ಸಿಮೆಂಟು ಮೆತ್ತುವ ಮೂರು ಕರಣೆ, ಒಂದು ಮೊಬೈಲು, ಅದರಲ್ಲಿ ಮಗಳ ಏಳು ಫೋಟೋ.