ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲ

ನಮ್ಮ ಬೀದಿಯ ತಿರುವಿನಲ್ಲಿ ಕ್ಷೌರದಂಗಡಿ ಇಟ್ಟವನನ್ನು ಎಲ್ಲರೂ ಕತ್ತರಿಯಣ್ಣ ಎಂದೇ ಕರೆಯುತ್ತಾರೆ. ಎರಡು ಕುರ್ಚಿ, ಅಂಚು ಒಡೆದ ಕನ್ನಡಿ, ಇಷ್ಟರಲ್ಲೇ ಸಂಸಾರ ದಡ ಮುಟ್ಟಿಸಿದವನು. ಎಂಥ ಹಟಮಾರಿ ಕೂಸೂ ಅವನ ಕೈಗೆ ತಲೆ ಕೊಟ್ಟು ತೂಕಡಿಸುತ್ತಿತ್ತು.

ಅಂಗಡಿಯ ಎದುರಿಗೇ ಒಂದು ಖಾಲಿ ಸೈಟು. ಬೀದಿಯ ಹೊಲಸೆಲ್ಲ ಅಲ್ಲಿಗೇ. ಮೂಗು ಮುಚ್ಚಿ ಮುಚ್ಚಿ ಸಾಕಾದ ಜನ ಕೊನೆಗೆ ಸಂಘ ಕಟ್ಟಿದರು. ಹಿಟ್ಟಿನ ಗಿರಣಿಯ ಯಜಮಾನರು ಅಧ್ಯಕ್ಷರಾದರು. ಕತ್ತರಿಯಣ್ಣ ಬಾಡಿಗೆಗಿದ್ದ ಅಂಗಡಿಯ ಮಾಲೀಕರೂ ಅವರೇ. ಭಾಷಣ ಮಾಡಿದವರು ಹಲವರು, ಸಲಿಕೆ ಹಿಡಿದು ಮೊದಲು ಕೊಚ್ಚೆಗಿಳಿದವನು ಕತ್ತರಿಯಣ್ಣ. ಜಾಗ ಅಂಗೈಯಂತೆ ಚೊಕ್ಕಟವಾಯಿತು. ಹೂಗಿಡ ನೆಟ್ಟರು, ಹೆಂಗಸರು ಸರದಿಯ ಮೇಲೆ ಕಾವಲು ಕೂತರು. ಇನ್ನು ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಗಾಡಿಗೇ ಕೊಡಬೇಕು. ಸೈಟಿನಲ್ಲಿ ಯಾವ ಅಂಗಡಿಯ ಕಸ ಸಿಕ್ಕಿತೋ ಆ ಅಂಗಡಿಗೆ ಬೀಗ ಎಂದು ತೀರ್ಮಾನವಾಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ಕತ್ತರಿಯಣ್ಣನೇ.

ಮರುದಿನ ಕೂದಲಿನ ಚೀಲ ಹೊತ್ತು ಗಾಡಿಯ ಬಳಿ ಹೋದ.

"ಏನಣ್ಣ ಇದು?" ಎಂದಳು ಗಾಡಿಯ ಹೆಂಗಸು.

"ಕೂದಲು ಕಣಮ್ಮ."

"ಅಯ್ಯೋ, ಹಸೀಗೆ ಹಾಕಿದ್ರೆ ಗೊಬ್ಬರದೋರು ಬೈತಾರೆ, ಒಣದಕ್ಕೆ ಹಾಕಿದ್ರೆ ಗುಜರಿಯೋರು ನನ್ ಮುಖಕ್ಕೇ ಎಸೀತಾರೆ. ವಾಪಸ್ ತಗೊಂಡ್ಹೋಗು."

"ಮತ್ತೆ ಎಲ್ಲಿಗೆ ಹಾಕ್ಲಿ ತಾಯಿ?"

"ಬೋಳು ತಲೆಯೋರಿಗೆ ಅಂಟ್ಸು!" ಎಂದು ನಕ್ಕು ಗಾಡಿ ಮುಂದಕ್ಕೆ ಬಿಟ್ಟಳು.

ಗಿರಣಿಯವರ ಬಳಿ ಕೈಮುಗಿದು ನಿಂತ. "ಸಂಘದಲ್ಲಿ ಮಾತಾಡೋಣ ಬಿಡು," ಎಂದರು ಅವರು. "ಆದ್ರೆ ಆ ಸೈಟಲ್ಲಿ ಒಂದೆಳೆ ಕಾಣಬಾರದು ನೋಡು. ಬೇರೆಯವರ ಕಸ ಆದ್ರೆ ಯಾರದು ಅಂತ ಹುಡುಕ್ಬೇಕು. ನಿಂದಾದ್ರೆ ಹುಡುಕೋದೇ ಬೇಡ."

ಸಂಘದಲ್ಲಿ ಆ ಮಾತು ಬರಲೇ ಇಲ್ಲ. ಚೀಲಗಳು ಅಂಗಡಿ ತುಂಬಿ, ಬಾಡಿಗೆಯ ಒಂಟಿ ಕೋಣೆಯ ಮನೆ ಸೇರಿದವು. ಸುಟ್ಟು ನೋಡಿದ, ಆ ಕಮಟಿಗೆ ವಠಾರವೇ ಎದ್ದು ಬಂದಿತು. ಹೂಳೋಣವೆಂದರೆ ಅಂಗಳವೆಲ್ಲ ಕಲ್ಲುಹಾಸು. ಹೆಂಡತಿ ಹಣೆ ಚಚ್ಚಿಕೊಂಡಳು: "ತಟ್ಟೇಲಿ ಕೂದಲು, ಹಾಸಿಗೇಲಿ ಕೂದಲು. ಬೀದಿಯೋರ ತಲೇನೆಲ್ಲ ಮನೆಗೆ ತಂದಿಟ್ರಲ್ಲ, ನಾನೆಲ್ಲಿ ಮಲಗ್ಲಿ?"

ದಿಕ್ಕು ತೋಚದೆ ಅವನೊಂದು ದಾರಿ ಹುಡುಕಿದ. ಬಂದವರ ಕೂದಲನ್ನು ಹಳೆಯ ಪೇಪರಿನಲ್ಲಿ ಮಡಿಸಿ ಅವರ ಕೈಗೇ ಇಡತೊಡಗಿದ. "ಕತ್ತರಿಸಿದ್ದಷ್ಟೇ ನಾನು, ಬೆಳೆಸಿದ್ದು ನೀವು. ಮನೆ ಹಿತ್ತಲಲ್ಲಿ ಹೂತುಬಿಡಿ ಸ್ವಾಮಿ."

"ಹೆಂಡ್ತಿಗೆ ಏನಂತ ಕೊಡ್ಲಪ್ಪ, ಉಡುಗೊರೆ ಅಂತಾನಾ?" ಎಂದು ಗಿರಾಕಿಗಳು ನಕ್ಕರು. ನಕ್ಕರೂ ಒಯ್ದರು. ಕೆಲವು ದಿನ ಅವನ ಮನೆ ಉಸಿರಾಡಿತು.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲೆತ್ತಿ ತಿರುಗಿ ನೋಡಿದ. ಸೈಟಿನ ಸುತ್ತ ಜನ. ಹೂಗಿಡಗಳ ಬುಡದಲ್ಲಿ ಅವನದೇ ಪೊಟ್ಟಣಗಳು, ಕೆಲವು ಬಿಚ್ಚಿಕೊಂಡು ಕರಿ ಕೂದಲು, ನರೆಗೂದಲು, ಬಣ್ಣ ಹಚ್ಚಿದ್ದು ಗಿಡಕ್ಕೆಲ್ಲ ಸಿಕ್ಕಿಕೊಂಡಿತ್ತು. ಕಾವಲಿನ ಹೆಂಗಸರ ಕಣ್ಣು ದೊಡ್ಡ ಚೀಲಗಳ ಮೇಲೆ. ಮನೆಗೆ ಹೋಗುವ ಗಿರಾಕಿ ನಡೆಯುತ್ತಲೇ ಬೆರಳಿನಿಂದ ಜಾರಿಸಿದ ಪೊಟ್ಟಣವನ್ನು ಯಾರು ನೋಡುತ್ತಾರೆ?

ಅವನು ಓಡಿಹೋಗಿ ಮಂಡಿಯೂರಿ ಒಂದೊಂದನ್ನೇ ಆಯ್ದು ಅಂಗಿಯ ಮಡಿಲಿಗೆ ತುಂಬಿಕೊಳ್ಳತೊಡಗಿದ. ಅಷ್ಟರಲ್ಲಿ ಗಿರಣಿಯವರು ಬಂದರು.

"ನಾನು ಹಾಕಿಲ್ಲ ಯಜಮಾನ್ರೇ, ಎತ್ತುತಾ ಇದೀನಿ."

"ಕೂದಲು ಯಾವ ಅಂಗಡೀದು?"

"ನಂದೇ. ಆದ್ರೆ..."

"ಪೊಟ್ಟಣ ಕಟ್ಟಿದ್ದು ಯಾರು?"

"ನಾನೇ ಸ್ವಾಮಿ."

"ಇನ್ನೇನು ಕೇಳೋದು?"

ಕತ್ತರಿಯಣ್ಣ ಸುತ್ತ ನೋಡಿದ. ಅವನೇ ಕತ್ತರಿಸಿದ ತಲೆಗಳು, ಅವನೇ ಬೋಳಿಸಿದ ಗಲ್ಲಗಳು. "ಅಣ್ಣಂದಿರಾ, ಯಾರಾದ್ರೂ ಒಬ್ರು ಬಾಯಿ ಬಿಡ್ರಪ್ಪ. ನನ್ ಹೊಟ್ಟೆ ಇರೋದೇ ಅದೊಂದ್ ಬಾಗಿಲಲ್ಲಿ." ಒಬ್ಬ ಚಪ್ಪಲಿ ಸರಿಮಾಡಿಕೊಂಡ. ಇನ್ನೊಬ್ಬನಿಗೆ ಕೆಮ್ಮು ಬಂತು.

ಅಂಗಡಿಯ ಬಾಗಿಲು ಕೆಳಗಿಳಿದ ಸದ್ದು ಬೀದಿಯ ಆ ತುದಿಗೂ ಕೇಳಿತು. ಬೀಗ ಬಿದ್ದಿತು. ಜನ ತಮ್ಮ ತಮ್ಮ ಕೆಲಸಕ್ಕೆ ಕರಗಿದರು.

"ಇದನ್ನೆಲ್ಲಿ ಹಾಕ್ಲಿ?" ಎಂದು ಅವನು ಹೋಗುವವರ ಬೆನ್ನಿಗೆ ಕೇಳಿದ. ಕಣ್ಣಿಂದ ನೀರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಮಡಿಲು ಬಿಟ್ಟರೆ ರಸ್ತೆಯೆಲ್ಲ ಕೂದಲಾದೀತೆಂದು, ಕಣ್ಣೊರೆಸಿಕೊಳ್ಳಲೂ ಕೈ ಬಿಡದೆ ನಿಂತೇ ಇದ್ದ.